ಮಿನಿ ಟ್ರ್ಯಾಕ್ಟರ್‌ಗೆ ಟಿಪ್ಪಿಂಗ್ ಲೈನ್ ಹಾಕಿಸುವ ಮುಂಚೆ ಇದನ್ನು ಓದಿ

ನನ್ನ ತಮ್ಮನ ಬಲಗೈ ತೋರುಬೆರಳಿನ ತುದಿ ಈಗ ಇಲ್ಲ. ಮೇಲಿನ ಗಿಣ್ಣಿನ ತನಕ ತೆಗೆದಿದ್ದಾರೆ. ಚಕ್ರಕ್ಕೆ ಸಿಕ್ಕಿದ್ದಲ್ಲ, ರೋಟವೇಟರ್‌ಗೆ ಸಿಕ್ಕಿದ್ದೂ ಅಲ್ಲ. ಎಣ್ಣೆ ಎಲ್ಲಿ ಸೋರುತ್ತಿದೆ ಅಂತ ನೋಡಲು ಹೈಡ್ರಾಲಿಕ್ ಪೈಪ್, ಅಂದರೆ ಒತ್ತಡದ ಎಣ್ಣೆ ಹರಿಯುವ ಪೈಪ್ ಮೇಲೆ ಕೈ ಆಡಿಸಿದ, ಅಷ್ಟೇ. ಮಿನಿ ಟ್ರ್ಯಾಕ್ಟರ್‌ಗೆ ಟಿಪ್ಪಿಂಗ್ ಲೈನ್, ಅಂದರೆ ಟ್ರಾಲಿ ಎತ್ತಲು ಎಣ್ಣೆ ಒಯ್ಯುವ ಲೈನ್ ಹೊರಗಡೆ ಹಾಕಿಸಿರುವವರು, ಹಾಕಿಸಬೇಕು ಅಂತಿರುವವರು ಈಗ ಎಲ್ಲಾ ಊರಲ್ಲೂ ಇದ್ದಾರೆ. ದಯವಿಟ್ಟು ಪೂರ್ತಿ ಓದಿ.

ನಮ್ಮದು ಚನ್ನಗಿರಿ ಕಡೆ. ಅಡಿಕೆ ತೋಟ, ಮರದಿಂದ ಮರಕ್ಕೆ 9 ಅಡಿ. ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗಲ್ಲ ಅಂತ 24 ಎಚ್‌ಪಿಯ ಮಿನಿ ಟ್ರ್ಯಾಕ್ಟರ್ ತಗೊಂಡೆವು. ಬೇಸಿಗೆಯಲ್ಲಿ ಕೆರೆ ಗೋಡು ಹೊಡೀಬೇಕು, ಮಳೆಗೆ ಮುಂಚೆ ಕೊಟ್ಟಿಗೆ ಗೊಬ್ಬರ. ಸಲಿಕೆ ಹಿಡಿದು ಇಳಿಸೋಕೆ ಆಳು ಸಿಗಲ್ಲ. ಹಾಗಾಗಿ ಎತ್ತಿ ತಾನೇ ಸುರಿಯುವ ಒಂದು ಸಣ್ಣ ಟಿಪ್ಪಿಂಗ್ ಟ್ರಾಲಿ ಮಾಡಿಸಿದೆವು. ಆದರೆ ನಮ್ಮ ಗಾಡಿಗೆ ಕಲ್ಟಿವೇಟರ್ ಎತ್ತುವ ಹಿಂದಿನ ಲಿಫ್ಟ್ ಬಿಟ್ಟರೆ ಹೊರಗೆ ಎಣ್ಣೆ ಕೊಡುವ ಲೈನ್ ಇರಲಿಲ್ಲ. ಕಂಪನಿ ಕಿಟ್ ಬರೋಕೆ ತಿಂಗಳಾಗುತ್ತೆ ಅಂದರು. ಪೇಟೆಯಲ್ಲಿ ಒಬ್ಬರು ಒಂದೇ ದಿನಕ್ಕೆ, ಅರ್ಧ ದುಡ್ಡಿಗೆ ಹಾಕಿಕೊಡುತ್ತೇನೆ ಅಂದರು. ಸರಿ ಅಂದವನು ನಾನೇ.

ಅವರು ಮಾಡಿದ್ದು ಇಷ್ಟು. ಪಂಪ್‌ನಿಂದ ಲಿಫ್ಟ್‌ಗೆ ಹೋಗುವ ಲೈನ್ ಬಿಚ್ಚಿ, ನಡುವೆ ಲಿವರ್‌ನಿಂದ ಎಣ್ಣೆಯ ದಾರಿ ಬದಲಿಸುವ ಒಂದು ಹಳೆ ವಾಲ್ವ್ ಕೂರಿಸಿದರು. ಪಂಪ್ ಎಣ್ಣೆ ವಾಲ್ವ್‌ಗೆ. ವಾಲ್ವ್‌ನಿಂದ ಒಂದು ಪೈಪ್ ಟ್ರಾಲಿ ಎತ್ತುವ ಜಾಕ್‌ಗೆ. ವಾಲ್ವ್‌ನ ಟ್ಯಾಂಕ್ ತೂತಿನಿಂದ ಇನ್ನೊಂದು ಪೈಪ್ ಸೀದಾ ಲಿಫ್ಟ್‌ಗೆ. ಸಂಜೆ ಹೊತ್ತಿಗೆ ಟ್ರಾಲಿ ಎದ್ದಿತು. ನಾವು ಖುಷಿಯಾಗಿ ಮನೆಗೆ ತಂದೆವು.

ಇಲ್ಲೇ ಮೊದಲ ತಪ್ಪು. ನಮ್ಮ ಮಿನಿ ಟ್ರ್ಯಾಕ್ಟರ್‌ನಂಥದ್ದರಲ್ಲಿ ಇಂಜಿನ್ ಓಡುವಷ್ಟು ಹೊತ್ತೂ ಪಂಪ್ ಎಣ್ಣೆ ತಳ್ಳುತ್ತಲೇ ಇರುತ್ತೆ. ಲಿವರ್ ಮುಟ್ಟದೇ ಇದ್ದಾಗ ಆ ಎಣ್ಣೆ ವಾಲ್ವ್ ನಡುವಿನಿಂದ ಹಾದು ಮುಂದೆ ಹೋಗುತ್ತೆ, ಕೊನೆಗೆ ಎಣ್ಣೆ ಟ್ಯಾಂಕೂ ಆಗಿರುವ ಗೇರ್ ಬಾಕ್ಸ್‌ಗೆ ವಾಪಸ್ ಬೀಳುತ್ತೆ. ಟ್ಯಾಂಕ್ ತೂತು ಇರುವುದು ಹೀಗೆ ಒತ್ತಡ ಇಲ್ಲದೆ ವಾಪಸ್ ಹೋಗುವ ಎಣ್ಣೆಗೆ. ಅದನ್ನು ಲಿಫ್ಟ್‌ಗೆ ಕೊಟ್ಟರೆ ಏನಾಗುತ್ತೆ ಹೇಳಿ? ಹಿಂದಿನ ಕಲ್ಟಿವೇಟರ್ ಎತ್ತಿದಾಗೆಲ್ಲ ಲಿಫ್ಟ್‌ನ ಪೂರ್ತಿ ಒತ್ತಡ ಆ ತೂತಿಗೂ ಬರುತ್ತೆ. ಅಲ್ಲಿನ ಸೀಲ್‌ಗಳು ಅಷ್ಟು ತಡೆಯೋಕೆ ಮಾಡಿದ್ದಲ್ಲ. ಮುಂದೆ ಇನ್ನೊಂದು ಕೆಲಸಕ್ಕೆ ಎಣ್ಣೆ ಒಯ್ಯಬೇಕು ಅಂದರೆ ವಾಲ್ವ್‌ಗೆ ಪವರ್ ಬಿಯಾಂಡ್ ಅನ್ನುವ ಬೇರೆ ದಾರಿ ಇರಬೇಕು. ಲಿಫ್ಟ್‌ಗೆ ಎಣ್ಣೆ ಆ ದಾರಿಯಿಂದ ಹೋಗಬೇಕು. ಟ್ಯಾಂಕ್ ಪೈಪ್ ಎಲ್ಲೂ ಅಡ್ಡ ಇಲ್ಲದೆ ಗೇರ್ ಬಾಕ್ಸ್‌ಗೆ ವಾಪಸ್ ಬರಬೇಕು. ನಮ್ಮ ವಾಲ್ವ್‌ನಲ್ಲಿ ಆ ದಾರಿಯೇ ಇರಲಿಲ್ಲ. ಎರಡೇ ವಾರಕ್ಕೆ ಲಿವರ್ ಬುಡದಲ್ಲಿ ಎಣ್ಣೆ ಜಿನುಗೋಕೆ ಶುರುವಾಯಿತು. ಧೂಳು ಕೂತು ಕಪ್ಪು ಮುದ್ದೆ ಆಗಿತ್ತು. ಲೈನ್ ಹಾಕಿದವರನ್ನು ಕೇಳಿದರೆ, "ಹೊಸದರಲ್ಲಿ ಸ್ವಲ್ಪ ಹಂಗೇ ಅಣ್ಣ, ಏನಾಗಲ್ಲ ಬಿಡಿ" ಅಂದರು.

ಎರಡನೇದು ಇನ್ನೂ ಕೆಟ್ಟದ್ದು. ಹಸಿ ಗೋಡು ತುಂಬಿದರೆ ಟ್ರಾಲಿ ಏಳುತ್ತಿರಲಿಲ್ಲ. ಅವರು ಬಂದು ವಾಲ್ವ್ ಪಕ್ಕದ ಒಂದು ಸ್ಕ್ರೂನ ನಟ್ ಸಡಿಲಿಸಿ, ಸ್ಕ್ರೂ ಒಂದೂವರೆ ಸುತ್ತು ಒಳಗೆ ತಿರುಗಿಸಿದರು. ಟ್ರಾಲಿ ಎದ್ದೇಬಿಟ್ಟಿತು! ಅದು ರಿಲೀಫ್ ವಾಲ್ವ್ ಅಂತ ಆಗ ನನಗೆ ಗೊತ್ತಿರಲಿಲ್ಲ. ಒತ್ತಡ ಮಿತಿ ಮೀರಿದರೆ ಎಣ್ಣೆಯನ್ನು ಬೇರೆ ಕಡೆ ಬಿಟ್ಟು ಪಂಪು, ಪೈಪು, ಮನುಷ್ಯ ಎಲ್ಲವನ್ನೂ ಉಳಿಸುವುದು ಅದೊಂದೇ. ಕಂಪನಿಯವರು ಕೊಟ್ಟ ರಿಲೀಫ್ ಲಿಫ್ಟ್ ಒಳಗಿದೆ. ಇವರು ಲೈನ್ ತೆಗೆದದ್ದು ಅದಕ್ಕಿಂತ ಮುಂಚೆ. ಹಾಗಾಗಿ ಟ್ರಾಲಿ ಎತ್ತುವಾಗ ಕಾಯುವುದಕ್ಕೆ ಇದ್ದದ್ದು ಈ ಸ್ಕ್ರೂ ಮಾತ್ರ. ಅದನ್ನೂ ಒತ್ತಡ ಅಳೆಯುವ ಗೇಜ್ ಇಡದೆ, ಕಿವಿಯಲ್ಲಿ ಇಂಜಿನ್ ಸದ್ದು ಕೇಳಿಕೊಂಡು ತಿರುಗಿಸಿದ್ದರು.

ನಿಜ ಹೇಳಬೇಕೆಂದರೆ ಒತ್ತಡ ಕಮ್ಮಿ ಇರಲೇ ಇಲ್ಲ. ನಮ್ಮ ಜಾಕ್‌ನ ಬೋರ್, ಅಂದರೆ ಒಳಗಿನ ವ್ಯಾಸ 80 ಮಿಲಿಮೀಟರ್. ಒಳಗಿನ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. 150 ಬಾರ್ (ಒತ್ತಡದ ಅಳತೆ) ಒತ್ತಡಕ್ಕೇ ಅದು ಏಳೂವರೆ ಟನ್ ತಳ್ಳುತ್ತೆ. ಅಷ್ಟು ಸಾಲದೆ ಬಂತು ಅಂದರೆ ತಪ್ಪು ಇರುವುದು ಟ್ರಾಲಿಯಲ್ಲಿ. ಜಾಕ್ ಅನ್ನು ತೀರಾ ಮಲಗಿಸಿ ಕೂರಿಸಿದ್ದರು. ಮೊದಲ ಒಂದು ಗೇಣು ಏಳುವ ತನಕ ಅದರ ಬಲ ಎಲ್ಲಾ ಮುಂದಕ್ಕೆ ಹೋಗುತ್ತಿತ್ತು, ಮೇಲಕ್ಕೆ ಅಲ್ಲ. ಬ್ರಾಕೆಟ್ ಬಿಚ್ಚಿ ಜಾಗ ಬದಲಿಸಿದ್ದರೆ ಸಾಕಿತ್ತು.

ಇನ್ನು ಲಿವರ್. ಕೈ ಬಿಟ್ಟರೆ ನಡುವಿಗೆ ವಾಪಸ್ ಬರುವ ಲಿವರ್ ಅದಲ್ಲ. ತಳ್ಳಿದ ಕಡೆಗೇ ಕಚ್ಚಿಕೊಂಡು ನಿಲ್ಲುತ್ತಿತ್ತು. ಅನುಕೂಲ ಅಂತ ನಾವೂ ಅಂದುಕೊಂಡಿದ್ದೆವು, ಟ್ರಾಲಿ ಎತ್ತಿಟ್ಟು ಇಳಿದು ಹೋಗಿ ಗೋಡು ಕೆದರಬಹುದು ಅಂತ. ಆದರೆ ಜಾಕ್ ಪೂರ್ತಿ ಎದ್ದ ಮೇಲೂ ಪಂಪ್ ತಳ್ಳುತ್ತಲೇ ಇರುತ್ತೆ, ಎಣ್ಣೆ ರಿಲೀಫ್ ಮೇಲೆ ಹರಿಯುತ್ತಲೇ ಇರುತ್ತೆ. ನಿಮಿಷಕ್ಕೆ 20 ಲೀಟರ್ ಎಣ್ಣೆ 150 ಬಾರ್‌ನಲ್ಲಿ ಹಾಗೆ ಹರಿದರೆ 5 ಕಿಲೋವ್ಯಾಟ್ ಶಾಖ. ಗೇರ್ ಬಾಕ್ಸ್ ಎಣ್ಣೆಯೊಳಗೆ ಎರಡು ಗೀಸರ್ ಕಾಯಿಲ್ ಇಟ್ಟ ಹಾಗೆ. ಪೈಪ್ ಮುಟ್ಟೋಕೆ ಆಗದಷ್ಟು ಕಾಯುತ್ತಿತ್ತು.

ಆವತ್ತು ಏನಾಯಿತು ಅಂತ ಈಗ ಹೇಳುತ್ತೇನೆ. ಬೆಳಿಗ್ಗೆ ಹನ್ನೊಂದರ ಹೊತ್ತು, ಆರನೇ ಲೋಡು. ಟ್ರಾಲಿ ಮೇಲಿತ್ತು, ಇಂಜಿನ್ ಓಡುತ್ತಿತ್ತು, ಲಿವರ್ ಕಚ್ಚಿಕೊಂಡಿತ್ತು. ಟ್ರಾಲಿ ಕೆಳಗೆ ಒಣ ಮಣ್ಣಿನ ಮೇಲೆ ಎಣ್ಣೆ ಕಲೆ. ತಮ್ಮ ಬಗ್ಗಿ, ಚಾಸಿಗೆ ತಂತಿಯಲ್ಲಿ ಕಟ್ಟಿದ್ದ ಪೈಪ್ ಉದ್ದಕ್ಕೂ ಬೆರಳು ಆಡಿಸಿದ. ಪೈಪ್ ಆ ಚಾಸಿ ಅಂಚಿಗೆ ಉಜ್ಜಿ ಉಜ್ಜಿ ಸವೆದಿತ್ತು. "ಅಣ್ಣ, ಏನೋ ಚುಚ್ಚಿತು" ಅಂದ. ಬಂದು ನೋಡಿದೆ. ಬೆರಳ ತುದಿಯಲ್ಲಿ ಪೆನ್ನಿನಲ್ಲಿ ಇಟ್ಟಂಥ ಒಂದು ಚುಕ್ಕೆ. ರಕ್ತ ಇಲ್ಲ, ನೋವೂ ಇಲ್ಲ. ಪೈಪಿನ ತಂತಿ ಎಳೆ ಚುಚ್ಚಿರಬೇಕು ಅಂದುಕೊಂಡೆವು. ಸೋಪು ಹಾಕಿ ತೊಳೆದ, ಬಟ್ಟೆ ಸುತ್ತಿಕೊಂಡ. ಮತ್ತೆ ಎರಡು ಲೋಡು ಹೊಡೆದ.

ಸಂಜೆಗೆ ಬೆರಳು ಬಿಗಿದುಕೊಂಡಿತು. ಹತ್ತಿರದ ಡಾಕ್ಟರು ಮುಳ್ಳು ಚುಚ್ಚಿದೆ ಅಂತ ಟಿಟಿ ಇಂಜೆಕ್ಷನ್ ಕೊಟ್ಟರು. ಅವರ ತಪ್ಪಲ್ಲ, ನಾವು ಹೇಳಿದ್ದೇ ಹಾಗೆ. ರಾತ್ರಿ ಎರಡು ಗಂಟೆಗೆ ಬೆರಳು ನೇರಳೆ ಬಣ್ಣಕ್ಕೆ ತಿರುಗಿತ್ತು. ಅವನು ಗೋಡೆಗೆ ತಲೆ ಒರಗಿಸಿಕೊಂಡು ಕೂತಿದ್ದ, ಮಾತಾಡುತ್ತಿರಲಿಲ್ಲ. ಬೆಳಗಾಗುವ ಮುಂಚೆಯೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಸರ್ಜನ್ ಕೇಳಿದ ಮೊದಲ ಪ್ರಶ್ನೆ, "ಯಾವ ಮೆಷಿನ್ ಹತ್ತಿರ ಇದ್ದೆ?" ಬೆರಳನ್ನು ಉದ್ದಕ್ಕೆ ಕೊಯ್ದು ಎಣ್ಣೆ ತೊಳೆದರು. ಎರಡು ಸಲ ಆಪರೇಷನ್ ಆಯಿತು. ತುದಿ ಉಳಿಯಲಿಲ್ಲ.

ಕೂದಲೆಳೆಯಷ್ಟು ತೂತಿನಿಂದ ಬರುವ ಎಣ್ಣೆ ಸೂಜಿಯ ಹಾಗೆ ಚರ್ಮ ದಾಟುತ್ತೆ. ಅದಕ್ಕೆ 150 ಬಾರ್ ಕೂಡ ಬೇಡ, 7 ಬಾರ್ ಇದ್ದರೂ ಸಾಕು. ಒಳಗೆ ಹೋದ ಎಣ್ಣೆ ಬೆರಳಿನ ನರದ ಜಾಡು ಹಿಡಿದು ಅಂಗೈ ತನಕ ಹರಡುತ್ತೆ, ಮಾಂಸ ಸಾಯಿಸುತ್ತೆ. ಮೊದಲು ನೋವಾಗಲ್ಲ. ಅದೇ ಮೋಸ. ಮೊದಲ ಕೆಲವೇ ಗಂಟೆಯಲ್ಲಿ ಆಪರೇಷನ್ ಆದರೆ ಕೈ ಉಳಿಯುವ ಸಾಧ್ಯತೆ ಜಾಸ್ತಿ. ಹಾಗಾಗಿ ಯಾರಿಗೇ ಹೀಗಾದರೂ ಕಾಯಬೇಡಿ. ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. "ಹೈಡ್ರಾಲಿಕ್ ಎಣ್ಣೆ ಒತ್ತಡದಲ್ಲಿ ಚರ್ಮದೊಳಗೆ ಹೋಗಿದೆ" ಅಂತ ಬಾಯಿ ಬಿಟ್ಟು ಹೇಳಿ. ಮುಳ್ಳು ಅನ್ನಬೇಡಿ.

ಆಮೇಲೆ ಬೇರೆ ಮೆಕ್ಯಾನಿಕ್ ಒಬ್ಬರು ಬಂದು ಎಲ್ಲಾ ಬಿಚ್ಚಿದರು. ಹಿರಿಯರು, ಮೊದಲು ಮಾಡಿದ ಕೆಲಸವೇ ಗೇಜ್ ಹಾಕಿದ್ದು. ಮುಳ್ಳು 210 ದಾಟಿ ನಿಂತಿತು. ನಮ್ಮ ಗಾಡಿ ಪುಸ್ತಕದಲ್ಲಿ ಇದ್ದದ್ದು 150ರ ಆಸುಪಾಸು. ಪೈಪ್ ಒರೆಸಿ ಅಕ್ಷರ ತೋರಿಸಿದರು: ಮುಕ್ಕಾಲು ಅಳಿಸಿಹೋದ ಆರ್1, ಅಂದರೆ ಒಂದೇ ಪದರ ತಂತಿ ಜಾಲರಿ. 3/8 ಇಂಚಿನ ಪೈಪಿಗೆ ಅದರ ಮಿತಿ 180 ಬಾರ್. ಎರಡು ಪದರದ ಆರ್2 ಆದರೆ 330. ಒಂದು ಜಾಯಿಂಟ್‌ನಲ್ಲಿ ನೀರಿನ ಲೈನಿನ ಜಿಐ ನಿಪ್ಪಲ್ ಸಿಕ್ಕಿತು. ಥ್ರೆಡ್‌ಗೆ ಸುತ್ತಿದ್ದ ಟೆಫ್ಲಾನ್ ಟೇಪಿನ ಚೂರು ವಾಲ್ವ್ ಒಳಗೆ ಅಂಟಿಕೊಂಡಿತ್ತು. ಎಣ್ಣೆ ಮಟ್ಟ ನೋಡಿದರೆ ಅದೂ ಕಮ್ಮಿ. 800 ಮಿಲಿಮೀಟರ್ ಎದ್ದ ನಮ್ಮ ಜಾಕ್ ನಾಲ್ಕು ಲೀಟರ್ ಎಣ್ಣೆಯನ್ನು ಗೇರ್ ಬಾಕ್ಸ್‌ನಿಂದಲೇ ಎಳೆದುಕೊಳ್ಳುತ್ತೆ. ಹಾಗಾಗಿ ಎಣ್ಣೆ ಮಟ್ಟವನ್ನು ಟ್ರಾಲಿ ಕೆಳಗಿಳಿಸಿ ನೋಡಬೇಕು. ಮೇಲಿದ್ದಾಗ ತುಂಬಿಸಿದರೆ ಇಳಿಸುವಾಗ ಉಕ್ಕಿ ಬರುತ್ತೆ.

ನಿಮ್ಮ ಗಾಡಿಗೆ ಲೈನ್ ಹಾಕುವವರನ್ನು ಒಂದು ಪ್ರಶ್ನೆ ಕೇಳಿ: ಲಿವರ್ ಸುಮ್ನೆ ಇದ್ದಾಗ ಎಣ್ಣೆ ಎಲ್ಲಿಂದ ಹೊರಟು ಎಲ್ಲಿಗೆ ವಾಪಸ್ ಬರುತ್ತೆ? ಒಂದೊಂದೇ ಪೈಪ್ ತೋರಿಸಿ ಹೇಳಬೇಕು. ಹೇಳೋಕೆ ಬರದಿದ್ದರೆ ಗಾಡಿ ವಾಪಸ್ ತನ್ನಿ. ರಿಲೀಫ್ ಸ್ಕ್ರೂ ಮುಟ್ಟುವುದಾದರೆ ಗೇಜ್ ಇರಲೇಬೇಕು. ಲೈನ್ ಹಾಕಿಸಿ ಆಗಿದ್ದರೆ ಇವತ್ತೇ ಪೈಪ್ ಮೇಲಿನ ಅಕ್ಷರ ಓದಿ, ಎಲ್ಲಿ ಉಜ್ಜುತ್ತಿದೆ ನೋಡಿ. ಟ್ರಾಲಿ ಇಳಿಸಿ, ಇಂಜಿನ್ ಆಫ್ ಮಾಡಿ, ಲಿವರ್ ಎರಡೂ ಕಡೆ ಆಡಿಸಿ ಒತ್ತಡ ಬಿಟ್ಟ ಮೇಲೆ ಮಾತ್ರ ಮುಟ್ಟಿ. ಟ್ರಾಲಿ ಮೇಲಿರುವಾಗ ಕೆಳಗೆ ಹೋಗಲೇಬೇಕು ಅಂದರೆ ಚಾಸಿಗೂ ಎದ್ದ ಟ್ರಾಲಿಗೂ ನಡುವೆ ಕಬ್ಬಿಣದ ಆಸರೆ ಕೊಟ್ಟು ಹೋಗಿ. ಪೈಪ್ ಒಡೆದರೆ ಟ್ರಾಲಿ ನಿಧಾನಕ್ಕೆ ಇಳಿಯಲ್ಲ, ಬೀಳುತ್ತೆ.

ಓಡುವಾಗಲೇ ಸೋರಿಕೆ ನೋಡಬೇಕಾದರೆ ಒಂದು ರಟ್ಟಿನ ತುಂಡು ಸಾಕು. ಉದ್ದ ಕೋಲಿಗೆ ಸಿಕ್ಕಿಸಿ ದೂರದಿಂದ ಹಿಡಿಯಿರಿ. ಎಣ್ಣೆ ಬಂದ ಕಡೆ ರಟ್ಟಿನ ಮೇಲೆ ಸಣ್ಣ ಕಪ್ಪು ಗೆರೆ ಬೀಳುತ್ತೆ. ನಮ್ಮ ಗಾಡಿ ಸೀಟ್ ಹಿಂದೆ ಈಗ ಅಂಥ ಒಂದು ರಟ್ಟು ಇದೆ. ತಮ್ಮನೇ ಕತ್ತರಿಸಿ ಇಟ್ಟಿದ್ದಾನೆ. ಈ ವರ್ಷ ಅಡಿಕೆ ಸುಲಿಯೋಕೆ ಅವನಿಂದ ಆಗಲಿಲ್ಲ. ಕತ್ತಿ ಹಿಡಿತಕ್ಕೆ ನಡುಬೆರಳು ಇನ್ನೂ ಒಗ್ಗಿಲ್ಲ.