ಬಚ್ಚಿಟ್ಟ ಕ್ಯಾಮೆರಾ: ಯಾವುದರಲ್ಲಿ ಮುಖ ಸಿಗುತ್ತದೆ, ಯಾವುದರಲ್ಲಿ ಬರೀ ನೆರಳು

ಬೀದಿಯಲ್ಲಿ ಒಂದರ ಹಿಂದೊಂದು ಸೈಕಲ್ಲು, ಪಾರ್ಸೆಲ್ಲು, ಗಾಡಿಯ ಬ್ಯಾಟರಿ ಕಳುವಾಗತೊಡಗಿದಾಗ ಎಲ್ಲರಿಗೂ ಮೊದಲು ಹೊಳೆಯುವುದು ಕ್ಯಾಮೆರಾ. ಸೂರಿನಡಿ ಎತ್ತರದಲ್ಲಿ, ಎದ್ದು ಕಾಣುವಂತೆ ಕೂರಿಸಿದ ಕ್ಯಾಮೆರಾದಲ್ಲಿ ಹೆಚ್ಚಾಗಿ ಸಿಗುವುದು ಟೋಪಿಯ ನೆತ್ತಿ. ಅದು ಎಲ್ಲಿದೆಯೆಂದು ಕಳ್ಳನಿಗೂ ಗೊತ್ತು, ತಲೆ ತಗ್ಗಿಸಿಕೊಂಡೇ ಬರುತ್ತಾನೆ. ಬಚ್ಚಿಡುವುದರ ದೊಡ್ಡ ಲಾಭವೆಂದರೆ ಕ್ಯಾಮೆರಾವನ್ನು ಮುಖದ ಮಟ್ಟಕ್ಕೆ, ಅಂದರೆ ಸುಮಾರು ಒಂದೂವರೆ ಮೀಟರ್ ಎತ್ತರಕ್ಕೆ ಇಳಿಸಬಹುದು. ಕಾಣುವ ಕ್ಯಾಮೆರಾವನ್ನು ಅಷ್ಟು ಕೆಳಗಿಟ್ಟರೆ ಅದನ್ನೇ ಕಿತ್ತುಕೊಂಡು ಹೋದಾರು.

ಮಾರುಕಟ್ಟೆಯಲ್ಲಿ ಇದಕ್ಕೆ ಸಿಗುವ ಸಾಮಾನು ನಾಲ್ಕು ಬಗೆ: ಪೆನ್ನು, ಚಾರ್ಜರ್ ಅಥವಾ ಗಡಿಯಾರದ ವೇಷದ ಗುಪ್ತ ಕ್ಯಾಮೆರಾ, ಬ್ಯಾಟರಿಯ ಪುಟ್ಟ ವೈಫೈ ಕ್ಯಾಮೆರಾ, ಕಾಡುಪ್ರಾಣಿಗಳ ಫೋಟೊ ತೆಗೆಯಲು ಮರಕ್ಕೆ ಕಟ್ಟುವ ಟ್ರೇಲ್ ಕ್ಯಾಮೆರಾ, ತಂತಿ ಎಳೆದು ರೆಕಾರ್ಡರಿಗೆ ಜೋಡಿಸುವ, ಸಣ್ಣ ತೂತಿನ ಹಿಂದೆ ಅಡಗುವ ಪುಟ್ಟ ಲೆನ್ಸಿನ ಪಿನ್‌ಹೋಲ್ ಕ್ಯಾಮೆರಾ. ಕೆಲವೇ ವಾರ ಕಾದು ಹಿಡಿಯಬೇಕಾದರೆ ಟ್ರೇಲ್ ಕ್ಯಾಮೆರಾ, ಕಾಯಂ ಆಗಿ ಇರಬೇಕಾದರೆ ತಂತಿಯದ್ದು. ವೈಫೈಯದ್ದು ಸುದ್ದಿ ಮುಟ್ಟಿಸಲು ಸಾಕು. ಪೆನ್ನು, ಚಾರ್ಜರ್ ಬಗೆಯದ್ದು ಮನೆಯೊಳಗೆ ಎಲ್ಲೋ ಒಂದು ಕಡೆ ಉಪಯೋಗಕ್ಕೆ ಬಂದೀತು, ಹೊರಗಿನ ಕೆಲಸಕ್ಕೆ ದುಡ್ಡು ದಂಡ.

ಯಾವುದನ್ನು ಕೊಳ್ಳುವ ಮೊದಲೂ ಒಂದು ಲೆಕ್ಕ ಹಾಕಿಕೊಳ್ಳಿ. ಕಣ್ಗಾವಲು ಕ್ಯಾಮೆರಾಗಳ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿಯ ಪ್ರಕಾರ ಅಪರಿಚಿತನೊಬ್ಬನ ಗುರುತು ಹಿಡಿಯಲು ಅವನು ನಿಂತ ಜಾಗದಲ್ಲಿ ಪ್ರತಿ ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು. ಮೊದಲೇ ಪರಿಚಯವಿರುವವನನ್ನು ಗುರುತಿಸಲು 125 ಸಾಕು. ಯಾರೋ ಒಬ್ಬ ಮನುಷ್ಯ ಬಂದ ಎಂದಷ್ಟೇ ತಿಳಿಯಲು 25. ಈಗ 1080ಪಿ ಕ್ಯಾಮೆರಾದ ಚಿತ್ರದ ಅಗಲ 1920 ಪಿಕ್ಸೆಲ್. 250ರಿಂದ ಭಾಗಿಸಿದರೆ 7.7 ಮೀಟರ್. ಲೆನ್ಸಿನ ನೋಟ 90 ಡಿಗ್ರಿ ಅಗಲವಿದ್ದರೆ ಅಷ್ಟು ಅಗಲ ತುಂಬುವುದು 3.8 ಮೀಟರ್ ದೂರದಲ್ಲೇ. ಅದರಾಚೆ ನಿಂತವನ ಮುಖ ಅಪರಿಚಿತರ ಲೆಕ್ಕದಲ್ಲಿ ಕೈತಪ್ಪಿದಂತೆಯೇ. ಅದೇ ಕ್ಯಾಮೆರಾಕ್ಕೆ 50 ಡಿಗ್ರಿಯ ಲೆನ್ಸ್ ಇದ್ದರೆ 8 ಮೀಟರಿನವರೆಗೂ ಮುಖ ಸಿಗುತ್ತದೆ. 4ಕೆ ಸೆನ್ಸರ್ (ಅಗಲ 3840 ಪಿಕ್ಸೆಲ್) ಇದ್ದರೆ ದೂರ ಎರಡು ಪಟ್ಟಾಗುತ್ತದೆ, ಅದೂ ಹಗಲಿನಲ್ಲಿ. ರಾತ್ರಿ ಚಿತ್ರದ ಮೇಲೆ ಕಾಳುಕಾಳು ಕೂತು ಆ ಲಾಭದ ಬಹುಪಾಲು ಹೋಗುತ್ತದೆ. ಡಬ್ಬದ ಮೇಲೆ 130 ಡಿಗ್ರಿ, 160 ಡಿಗ್ರಿ ಎಂದು ಹೆಮ್ಮೆಯಿಂದ ಬರೆದಿರುವುದು ಈ ಕೆಲಸಕ್ಕೆ ದೋಷ.

ವೇಷದ ಕ್ಯಾಮೆರಾಗಳಿಗೆ ಐದಕ್ಕೆ ಒಂದು ಅಂಕ. ‘4ಕೆ’ ಎಂದಿದ್ದರೂ ಒಳಗೆ ಒಂದೆರಡು ಮೆಗಾಪಿಕ್ಸೆಲ್ಲಿನ ಸೆನ್ಸರ್ ಇಟ್ಟು, ಚಿತ್ರವನ್ನು ಸಾಫ್ಟ್‌ವೇರಿನಲ್ಲಿ ಹಿಗ್ಗಿಸಿ ಕೊಡುವುದು ಮಾಮೂಲು. ಸೂಜಿಕಣ್ಣಿನಂಥ ಲೆನ್ಸಿಗೆ ಬೆಳಕು ಸಾಲದು. ಪೆನ್ನಿನ ಪುಟ್ಟ ಬ್ಯಾಟರಿ ಸುಮಾರು ಒಂದು ಗಂಟೆಗೆ ಮುಗಿಯುತ್ತದೆ. ಜೊತೆಗೆ ಬರುವ ಮೆಮೊರಿ ಕಾರ್ಡನ್ನು ನಂಬುವ ಮೊದಲು ದೊಡ್ಡ ಫೈಲುಗಳಿಂದ ಅಂಚಿನವರೆಗೂ ತುಂಬಿ, ಮತ್ತೆ ಕಂಪ್ಯೂಟರಿಗೆ ನಕಲು ಮಾಡಿ ನೋಡಿ. ನಕಲಿ ಕಾರ್ಡಾದರೆ ಅರ್ಧದಲ್ಲೇ ಫೈಲುಗಳು ಕೆಡುತ್ತವೆ.

ವೈಫೈ ಕ್ಯಾಮೆರಾಗಳ ಮುಖ್ಯ ತೊಂದರೆ ನಿದ್ದೆ. ಬ್ಯಾಟರಿ ಉಳಿಸಲು ಅವು ಮಲಗಿರುತ್ತವೆ. ಚಲನೆ ಗೊತ್ತಾದ ಮೇಲೆ ಎದ್ದು ರೆಕಾರ್ಡಿಂಗ್ ಶುರುಮಾಡಲು ಒಂದರಿಂದ ಮೂರು ಸೆಕೆಂಡು ತೆಗೆದುಕೊಳ್ಳುವುದುಂಟು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ವಿಡಿಯೊದಲ್ಲಿ ಹೊರಟವನ ಬೆನ್ನು ಮಾತ್ರ ಇರುತ್ತದೆ. ಬೀದಿಗೆ ಮುಖಮಾಡಿ ಇಟ್ಟರೆ ಹೋಗಿಬರುವ ಪ್ರತಿ ವಾಹನಕ್ಕೂ ಎದ್ದು, ತಿಂಗಳುಗಟ್ಟಲೆ ಬರಬೇಕಾದ ಬ್ಯಾಟರಿ ದಿನಗಳಲ್ಲಿ ಖಾಲಿ. ಹೆಚ್ಚಿನವು ವೈಫೈಯ 2.4 ಗಿಗಾಹರ್ಟ್ಸ್ ತರಂಗದಲ್ಲಷ್ಟೇ ಕೆಲಸ ಮಾಡುತ್ತವೆ. ಸಿಗ್ನಲ್ ಕೆಡಿಸುವ ಜಾಮರ್ ಹಿಡಿದು ಬಂದವನೆದುರು ಕ್ಲೌಡಿಗೆ ಏನೂ ಹೋಗುವುದಿಲ್ಲ. ಆದ್ದರಿಂದ ಒಳಗೇ ಕಾರ್ಡ್ ಹಾಕಲು ಬರುವ ಮಾದರಿಯನ್ನೇ ಆರಿಸಿ. ಕಬ್ಬಿಣದ ಪೆಟ್ಟಿಗೆಯೊಳಗೆ ಬಚ್ಚಿಟ್ಟರೂ ಸಿಗ್ನಲ್ ಸಾಯುತ್ತದೆ, ಪ್ಲಾಸ್ಟಿಕ್ಕಿನದ್ದಾಗಬೇಕು. ಇನ್ನು ಪಾಸ್‌ವರ್ಡ್: 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶದ ದಾಳಿಯಲ್ಲಿ ಲಕ್ಷಾಂತರ ಉಪಕರಣಗಳು ಪರರ ಕೈವಶವಾದದ್ದು ಕಂಪನಿಯವರು ಇಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟದ್ದರಿಂದ, ಅವುಗಳಲ್ಲಿ ಕ್ಯಾಮೆರಾಗಳೇ ಬಹಳ. ಪಾಸ್‌ವರ್ಡ್ ಬದಲಿಸಿ, ಕ್ಯಾಮೆರಾವನ್ನು ಗೆಸ್ಟ್ ನೆಟ್‌ವರ್ಕಿಗೆ (ಮನೆಯ ಉಳಿದ ಉಪಕರಣಗಳಿಂದ ಬೇರೆಯಾಗಿ, ಅತಿಥಿಗಳಿಗೆಂದು ಇರುವ ವೈಫೈಗೆ) ಹಾಕಿ. ಮೂರು ಅಂಕ.

ಟ್ರೇಲ್ ಕ್ಯಾಮೆರಾಕ್ಕೆ ನಾಲ್ಕು ಅಂಕ. ಮಳೆ ಬಿಸಿಲಿಗೆ ಹೆದರದ ಮೈ, ಪಾಚಿಬಣ್ಣ, ವೈಫೈ ಬೇಡ, ತಂತಿ ಬೇಡ. ಒಳ್ಳೆಯ ಮಾದರಿ ಕಾಲು ಸೆಕೆಂಡಿನಿಂದ ಅರ್ಧ ಸೆಕೆಂಡಿನೊಳಗೆ ಮೊದಲ ಫೋಟೊ ತೆಗೆಯುತ್ತದೆ. ಕೊಳ್ಳುವಾಗ ಕೇಳಬೇಕಾದ ಮುಖ್ಯ ಸಂಗತಿ ರಾತ್ರಿಯ ದೀಪ. 850 ನ್ಯಾನೊಮೀಟರಿನ ಅವಕೆಂಪು (ಇನ್‌ಫ್ರಾರೆಡ್) ಎಲ್ಇಡಿಗಳು ಹೊತ್ತಿಕೊಂಡಾಗ ಎದುರಿಗಿದ್ದವರಿಗೆ ಮಸುಕಾದ ಕೆಂಪು ಕಾಣುತ್ತದೆ, ಕತ್ತಲಲ್ಲಿ ಅಷ್ಟೇ ಸಾಕು ಗುಟ್ಟು ರಟ್ಟಾಗಲು. 940 ನ್ಯಾನೊಮೀಟರಿನದ್ದು ಬರಿಗಣ್ಣಿಗೆ ಕಾಣದು. ಆದರೆ ಸೆನ್ಸರಿಗೂ ಆ ಬೆಳಕು ಕಡಿಮೆ ತಾಗುವುದರಿಂದ ದೂರ ಸಾಕಷ್ಟು ತಗ್ಗುತ್ತದೆ, ಷಟರ್ ಹೆಚ್ಚು ಹೊತ್ತು ತೆರೆದಿರಬೇಕಾಗುತ್ತದೆ, ನಡೆಯುತ್ತಿರುವವನ ಮುಖ ಕಲಸಿಹೋಗುತ್ತದೆ. ಇದಕ್ಕೆ ಮದ್ದು ಜಾಗದ ಆಯ್ಕೆಯಲ್ಲಿದೆ. ಕಳ್ಳ ನಡೆಯುವ ದಾರಿಯನ್ನು ಬಿಟ್ಟು ಅವನು ನಿಲ್ಲಲೇಬೇಕಾದ ಜಾಗಕ್ಕೆ ಗುರಿಯಿಡಿ: ಗೇಟಿನ ಚಿಲಕ, ಸೈಕಲ್ಲಿನ ಬೀಗ, ಪಾರ್ಸೆಲ್ ಇಡುವ ಮೂಲೆ. ಬೀಗ ಮುರಿಯಲು ಬಗ್ಗಿದವನ ಮುಖ ಒಂದು ಮೀಟರ್ ಎತ್ತರಕ್ಕೂ ಇಳಿಯುತ್ತದೆ ಎಂಬುದು ನೆನಪಿರಲಿ.

ದೂರ ಮೂರರಿಂದ ಐದು ಮೀಟರ್ ಸರಿ. ತೀರಾ ಹತ್ತಿರವಾದರೆ ಅವಕೆಂಪು ಬೆಳಕಿಗೆ ಮುಖ ಸುಣ್ಣ ಬಳಿದಂತಾಗಿ ಕಣ್ಣು, ಮೂಗು ಅಳಿಸಿಹೋಗುತ್ತವೆ. ಲೆನ್ಸಿನ ಮುಂದೆ ಒಂದು ಗೇಣಿನೊಳಗೆ ಎಲೆ ತೂಗಾಡುತ್ತಿದ್ದರೂ ಇದೇ ಗತಿ: ಎಲೆ ಫಳಫಳ ಹೊಳೆಯುತ್ತದೆ, ಕ್ಯಾಮೆರಾ ಅದಕ್ಕೆ ತಕ್ಕಂತೆ ಬೆಳಕು ತಗ್ಗಿಸುತ್ತದೆ, ಹಿಂದಿನದೆಲ್ಲ ಕಪ್ಪು. ಬಿಸಿಲಿಗೆ ಕಾದ ಎಲೆ ಅಲುಗಿದರೆ ಸುಳ್ಳು ಫೋಟೊಗಳೂ ನೂರಾರು ಬರುತ್ತವೆ, ಏಕೆಂದರೆ ಇದರ ಪಿಐಆರ್ ಸೆನ್ಸರ್ ಅಳೆಯುವುದು ಚಲಿಸುವ ಶಾಖವನ್ನು. ಅದೇ ಕಾರಣಕ್ಕೆ ಹೊರಗಿನ ಬಿಸಿ ಮೈಶಾಖದ ಹತ್ತಿರಕ್ಕೆ ಏರಿದ ಮಧ್ಯಾಹ್ನ ಮನುಷ್ಯ ಬಂದರೂ ಅದಕ್ಕೆ ಗೊತ್ತಾಗದೆ ಹೋಗಬಹುದು. ಅಡ್ಡ ಹಾಯುವವನನ್ನು ಪಿಐಆರ್ ಚೆನ್ನಾಗಿ ಹಿಡಿಯುತ್ತದೆ, ನೆಟ್ಟಗೆ ಎದುರು ಬರುವವನನ್ನು ತಡವಾಗಿ. ಮುಖಕ್ಕೆ ಎದುರು ನೋಟ ಬೇಕು, ಸೆನ್ಸರಿಗೆ ಅಡ್ಡ ನೋಟ ಬೇಕು. ದಾರಿಗೆ ಸುಮಾರು 45 ಡಿಗ್ರಿ ಓರೆಯಲ್ಲಿ ಕಟ್ಟಿದರೆ ಎರಡೂ ತಕ್ಕಮಟ್ಟಿಗೆ ಸಿಗುತ್ತವೆ.

ಸೆಲ್ಲುಗಳಲ್ಲಿ ಜಿಪುಣತನ ಬೇಡ. ರೀಚಾರ್ಜ್ ಮಾಡುವ ನಿಕಲ್ ಸೆಲ್ಲುಗಳು 1.2 ವೋಲ್ಟಿನವು, ಸಾಮಾನ್ಯ ಸೆಲ್ 1.5 ವೋಲ್ಟ್. ಹಗಲಲ್ಲಿ ವ್ಯತ್ಯಾಸ ತಿಳಿಯದು, ರಾತ್ರಿ ಎಲ್ಇಡಿಗಳೆಲ್ಲ ಒಟ್ಟಿಗೆ ಹೊತ್ತಿದಾಗ ವೋಲ್ಟೇಜ್ ಕುಸಿದು ಕೆಲವು ಮಾದರಿಗಳು ಆಫ್ ಆಗುತ್ತವೆ. ಒಮ್ಮೆ ಬಳಸಿ ಬಿಸಾಡುವ ಲಿಥಿಯಂ ಸೆಲ್ಲುಗಳೇ ಲೇಸು. ಸೆಲ್ ಬದಲಿಸಿದಾಗ ದಿನಾಂಕ ಮೊದಲಿನಿಂದ ಶುರುವಾಗುವ ಮಾದರಿಗಳಿವೆ. ಪ್ರತಿ ಸಲವೂ ಮೊಬೈಲಿನ ಗಡಿಯಾರವನ್ನು ಲೆನ್ಸಿಗೆ ಹಿಡಿದು ಒಂದು ಫೋಟೊ ತೆಗೆಸಿಟ್ಟರೆ ಗಡಿಯಾರ ಎಷ್ಟು ಹಿಂದೆ ಮುಂದೆ ಇತ್ತೆಂಬುದಕ್ಕೆ ಆಧಾರ ಉಳಿಯುತ್ತದೆ.

ತಂತಿಯ ಪಿನ್‌ಹೋಲ್ ಕ್ಯಾಮೆರಾ ನಾಲ್ಕೂವರೆ ಅಂಕ ಪಡೆಯುವುದು ಅದು ಮಲಗುವುದೇ ಇಲ್ಲ ಎಂಬ ಕಾರಣಕ್ಕೆ. ನೆಟ್‌ವರ್ಕ್ ತಂತಿಯಲ್ಲೇ ಕರೆಂಟೂ ಹೋಗುವ ಪಿಒಇ ಮಾದರಿ ತೆಗೆದುಕೊಂಡರೆ 100 ಮೀಟರ್ ದೂರದವರೆಗೆ ಒಂದೇ ತಂತಿ ಸಾಕು. ರೆಕಾರ್ಡರನ್ನೂ ತಂತಿಗಳು ಸೇರುವ ನೆಟ್‌ವರ್ಕ್ ಸ್ವಿಚ್ಚನ್ನೂ ಯುಪಿಎಸ್‌ಗೆ ಜೋಡಿಸಿ. ಮೇನ್ ಸ್ವಿಚ್ ಹೊರಗಿದ್ದರೆ ಕಳ್ಳ ಮೊದಲು ಕೈಹಾಕುವುದು ಅದಕ್ಕೇ. ಪೆಟ್ಟಿಗೆಗೆ ತೂತು ಕೊರೆಯುವಾಗ ಎಡವುವವರು ಬಹಳ. ನೇರ ತೂತು ಕೊರೆದರೆ ಚಿತ್ರದ ನಾಲ್ಕು ಮೂಲೆಯೂ ಕಪ್ಪಾಗುತ್ತವೆ; ಹೊರಬದಿ ಅಗಲವಾಗಿ ಆಲಿಕೆಯಂತೆ ಕೊರೆದು, ಒಳಬದಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಬೇಕು. ಷಟರನ್ನು ಸೆಟ್ಟಿಂಗಿನಲ್ಲಿ 1/60 ಸೆಕೆಂಡಿಗಾದರೂ ಏರಿಸಿ, ಇಲ್ಲದಿದ್ದರೆ ರಾತ್ರಿ ಅದೂ ಮುಖ ಕಲಸುತ್ತದೆ. ಪಿನ್‌ಹೋಲಿಗೆ ಬೆಳಕಿನ ಹಸಿವು ಜಾಸ್ತಿ, ಹತ್ತಿರದಲ್ಲಿ ಒಂದು ಮಾಮೂಲಿ ವರಾಂಡ ದೀಪ ಉರಿಯುತ್ತಿರಲಿ. ಅರ್ಧ ಅಂಕ ಕಡಿತ ಅದಕ್ಕೇ.

ಕಾರ್ಡಿಗೆ ಎಷ್ಟು ಜಾಗ? ಸೆಕೆಂಡಿಗೆ 4 ಮೆಗಾಬಿಟ್ಟಿನಂತೆ ಸದಾ ರೆಕಾರ್ಡ್ ಮಾಡಿದರೆ ದಿನಕ್ಕೆ 43 ಜಿಬಿ. 128 ಜಿಬಿ ಕಾರ್ಡ್ ಮೂರು ದಿನ ತುಂಬುವುದರೊಳಗೆ ಹಳೆಯದರ ಮೇಲೆ ಬರೆಯತೊಡಗುತ್ತದೆ. ಊರಿಗೆ ಹೋದವರು ಐದನೇ ದಿನ ಬಂದು ನೋಡಿದರೆ ಕಳುವಾದ ದಿನವೇ ಇಲ್ಲದೆ ಹೋಗಬಹುದು. ಸದಾ ಬರೆಯುವ ಕೆಲಸಕ್ಕೆ ‘ಹೈ ಎಂಡ್ಯೂರೆನ್ಸ್’ ಎಂದು ಗುರುತಿರುವ ಕಾರ್ಡನ್ನೇ ಹಾಕಿ.

ಕಿಟಕಿಯ ಗಾಜಿನ ಹಿಂದೆ ಯಾವ ಕ್ಯಾಮೆರಾವನ್ನಾದರೂ ಇಡಬಹುದಲ್ಲ ಎನ್ನುವವರಿಗೆ: ಮೈಶಾಖ ಗಾಜು ದಾಟದು, ಪಿಐಆರ್ ಕುರುಡಾಗುತ್ತದೆ. ರಾತ್ರಿ ಕ್ಯಾಮೆರಾದ್ದೇ ಎಲ್ಇಡಿ ಗಾಜಿಗೆ ಬಡಿದು ಚಿತ್ರವಿಡೀ ಬಿಳಿಯಾಗುತ್ತದೆ. ಎಲ್ಇಡಿ ಆರಿಸಿ, ಲೆನ್ಸನ್ನು ಗಾಜಿಗೆ ಒತ್ತಿ, ಹೊರಗೆ ದೀಪ ಹಾಕಿ, ಸದಾ ರೆಕಾರ್ಡ್ ಮಾಡುವ ಕ್ಯಾಮೆರಾ ಇಟ್ಟರೆ ಮಾತ್ರ ಕೆಲಸವಾಗುತ್ತದೆ. ಎಲ್ಲಿಟ್ಟರೂ ಸ್ಟೇಟಸ್ ದೀಪ ಮತ್ತು ಬೀಪ್ ಸದ್ದು ನಿಲ್ಲಿಸುವುದನ್ನು ಮರೆಯಬೇಡಿ. ಆಫ್ ಮಾಡುವ ಆಯ್ಕೆಯಿಲ್ಲದ ಮಾದರಿಗೆ ಕಪ್ಪು ಟೇಪೇ ಗತಿ.

ನೆರೆಯವರ ಕಿಟಕಿ, ಬಾಗಿಲು, ಅಂಗಳ ಚೌಕಟ್ಟಿನೊಳಗೆ ಬರಬಾರದು. ಪ್ರೈವಸಿ ಮಾಸ್ಕ್ ಸೌಲಭ್ಯವಿದ್ದರೆ ಆ ಭಾಗವನ್ನು ಕಪ್ಪು ಮಾಡಿ. ಧ್ವನಿ ರೆಕಾರ್ಡಿಂಗಿಗೆ ಅನೇಕ ದೇಶಗಳಲ್ಲಿ ಚಿತ್ರಕ್ಕಿಂತ ಬಿಗಿ ಕಾನೂನಿದೆ, ಅದನ್ನು ಆಫ್ ಮಾಡುವುದೇ ಕ್ಷೇಮ. ಕಿಟಕಿಗೆ ಕವಣೆಯಲ್ಲಿ ಹೊಡೆದವರನ್ನು ಸೂರಿನಡಿಯ ಕ್ಯಾಮೆರಾದಿಂದ ಪತ್ತೆಹಚ್ಚಿದ ಪ್ರಕರಣವೊಂದರಲ್ಲಿ, ಅದು ಸಾರ್ವಜನಿಕ ಹಾದಿಯನ್ನೂ ಸೆರೆಹಿಡಿಯುತ್ತಿದ್ದರಿಂದ ಬರೀ ಮನೆಬಳಕೆ ಎನಿಸದೆಂದು ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರಲ್ಲಿ ಹೇಳಿತು. ಮನೆಯವರ ನ್ಯಾಯವಾದ ಹಿತವನ್ನು ಪರಿಗಣಿಸಬಹುದೆಂದೂ ಅದೇ ತೀರ್ಪಿನಲ್ಲಿದೆ.

ಮುಖ ಸಿಕ್ಕಿತೋ, ಮೊದಲು ಕಾರ್ಡನ್ನು ಹೊರತೆಗೆದು ಬೇರೆ ಕಾರ್ಡ್ ಹಾಕಿ. ಮೂಲ ಫೈಲನ್ನು ಕತ್ತರಿಸದೆ, ಹೊಳಪು ಹೆಚ್ಚಿಸದೆ, ಹಿಂದುಮುಂದಿನ ಕೆಲವು ನಿಮಿಷಗಳ ಸಮೇತ ನಕಲು ಮಾಡಿ ಅದರ ಎಸ್ಎಚ್ಎ-256 ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ, ಫೈಲು ಚೂರು ಬದಲಾದರೂ ಇದು ಬದಲಾಗುತ್ತದೆ) ಬರೆದಿಡಿ. ವಾಟ್ಸಾಪಿನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿ ಪಿಕ್ಸೆಲ್ಲೂ ಹೋಗುತ್ತದೆ, ಫೈಲಿನೊಳಗಿನ ಸಮಯದ ವಿವರವೂ ಹೋಗುತ್ತದೆ. ಪೊಲೀಸರಿಗೆ ಪೆನ್‌ಡ್ರೈವ್‌ನಲ್ಲಿ ನಕಲು ಕೊಟ್ಟು, ಕೇಳಿದರೆ ಒಪ್ಪಿಸಲು ಮೂಲ ಕಾರ್ಡ್ ಹಾಗೇ ಇರಲಿ. ಬಡಾವಣೆಯ ಗುಂಪಿಗೆ ಅದನ್ನು ಹಾಕಲು ಎಷ್ಟೇ ಕೈ ತುರಿಸಿದರೂ ತಡೆಯಿರಿ: ವಿಡಿಯೊ ನೋಡಿದ ಯಾರಿಗಾದರೂ ಅದು ಯಾವ ಕೋನದಿಂದ ತೆಗೆದದ್ದೆಂದು ಗೊತ್ತಾಗುತ್ತದೆ, ಕ್ಯಾಮೆರಾ ಎಲ್ಲಿದೆಯೆಂದು ಎರಡೇ ನಿಮಿಷದಲ್ಲಿ ಕಂಡುಹಿಡಿಯಬಹುದು.