ಮೂರು ವರ್ಷ ಬಳಸಿದ್ದೇನೆ: ಟ್ರ್ಯಾಕಿಂಗ್ ಚೆನ್ನಾಗಿದೆ, ಎಐ ಸ್ಕೋರನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ

ನಮ್ಮ 38 ಗಾಡಿಗಳಿಗೆ ಈ ಫ್ಲೀಟ್ ಸಾಫ್ಟ್‌ವೇರ್ ಹಾಕಿಸಿ ಮೂರು ವರ್ಷ ಆಯಿತು. ಗಾಡಿ ಎಲ್ಲಿದೆ, ಡೀಸೆಲ್ ಎಷ್ಟು ಹೋಯಿತು, ಸರ್ವೀಸ್ ಯಾವಾಗ ಅನ್ನೋದರಲ್ಲೆಲ್ಲ ತಕರಾರಿಲ್ಲ. ಬರೆಯಬೇಕು ಅನಿಸಿದ್ದು ಬೇರೆ ಕಾರಣಕ್ಕೆ.

ಕಳೆದ ವರ್ಷ ಕ್ಯಾಬಿನ್ ಒಳಗೆ ನೋಡುವ ಎಐ ಕ್ಯಾಮೆರಾ ಸೇರಿಸಿದೆವು. ಒಂದೇ ವಾರದಲ್ಲಿ ನಮ್ಮ ಹಳೇ ಡ್ರೈವರ್ ಒಬ್ಬರ ಸ್ಕೋರ್, ಅಂದರೆ ಗಾಡಿ ಹೇಗೆ ಓಡಿಸುತ್ತಾರೆ ಅಂತ ಎಐ ಕೊಡುವ ಅಂಕ, 92ರಿಂದ 61ಕ್ಕೆ ಬಿತ್ತು. ಕಾರಣ 'ಫೋನ್ ಬಳಕೆ', 14 ಸಲ. ಬೋನಸ್ ಹಿಡಿಯುವ ಮೊದಲು ಸುಮ್ನೆ ಒಂದು ಕ್ಲಿಪ್ ತೆರೆದೆ. ಪಾಪ, ಹಲ್ಲುನೋವಿಗೆ ಕೆನ್ನೆ ಒತ್ತಿ ಹಿಡಿದುಕೊಂಡು ಓಡಿಸುತ್ತಿದ್ದಾರೆ! ಎಲ್ಲಾ ಕ್ಲಿಪ್ ನೋಡಿ ಮುಗಿಸಿದಾಗ ನಿಜವಾಗಿ ಫೋನ್ ಕಂಡಿದ್ದು ಒಂದರಲ್ಲಿ. ಅವತ್ತಿನಿಂದ ಕ್ಲಿಪ್ ನೋಡದೆ, ಡ್ರೈವರನ್ನು ಕೇಳದೆ ಯಾರ ದುಡ್ಡಿಗೂ ಕೈ ಹಾಕುವುದಿಲ್ಲ. ಹಾಗಂತ ಕ್ಯಾಮೆರಾ ತೆಗೆಸಿಲ್ಲ, ರಾತ್ರಿ ಟ್ರಿಪ್‌ಗಳಲ್ಲಿ ತೂಕಡಿಕೆ ಅಲರ್ಟ್ ಕೆಲಸಕ್ಕೆ ಬಂದಿದೆ. ಡ್ರೈವರ್ 'ಮೂಡ್' ಅಳೆಯುವ ಆಯ್ಕೆಯನ್ನು ಮಾತ್ರ ಆಫ್ ಮಾಡಿಸಿದೆ. ಕೆಲಸದ ಜಾಗದಲ್ಲಿ ಭಾವನೆ ಓದುವ ಎಐಯನ್ನು, ಸುರಕ್ಷತೆ ಮತ್ತು ವೈದ್ಯಕೀಯ ಕಾರಣ ಬಿಟ್ಟು, ಯುರೋಪಿಯನ್ ಒಕ್ಕೂಟ 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಸರಿಯಾಗೇ ಇದೆ ಅಲ್ವಾ?

ಇನ್ನು ಡೇಟಾ. ಗ್ರಾಹಕರಿಗೆ ಕಳಿಸುವ ಲೈವ್ ಲೊಕೇಶನ್ ಲಿಂಕ್ ಲೋಡ್ ಇಳಿಸಿದ ಮೇಲೂ ನಡೆಯುತ್ತಲೇ ಇರುತ್ತದೆ ಅಂತ ನನಗೆ ಗೊತ್ತಾಗಿದ್ದು, ಒಬ್ಬರು ಫೋನ್ ಮಾಡಿ "ನಿಮ್ಮ ಗಾಡಿ ರಾತ್ರಿಯೆಲ್ಲ ಯಾವುದೋ ಮನೆ ಮುಂದೆ ನಿಂತಿತ್ತಲ್ಲ" ಅಂದಾಗ. ಅದು ಡ್ರೈವರ್ ಮನೆ. ಲಿಂಕ್‌ಗೆ ಅವಧಿ ಹಾಕುವ ಆಯ್ಕೆ ಇತ್ತು, ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ, ಅದೂ ಆಫ್ ಆಗಿ. ಗಾಬರಿಯಾಗಿ ಲಾಗ್ ತೆಗೆದು ನೋಡಿದರೆ, ಕೆಲಸ ಬಿಟ್ಟು ಹೋದವರೊಬ್ಬರ ಲಾಗಿನ್ ನಾಲ್ಕು ತಿಂಗಳಿಂದ ಹಾಗೇ ಇದೆ. ಇದು ನನ್ನದೇ ತಪ್ಪು, ಒಪ್ಪುತ್ತೇನೆ. ಟ್ರ್ಯಾಕರ್ ಪಾಸ್‌ವರ್ಡ್‌ಗಳನ್ನೂ ಅವತ್ತೇ ಬದಲಾಯಿಸಿದೆ. 2022ರಲ್ಲಿ ಮೈಕೋಡಸ್ ಎಂವಿ720 ಅನ್ನೋ ಜಿಪಿಎಸ್ ಟ್ರ್ಯಾಕರ್ ಬಗ್ಗೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಎಚ್ಚರಿಕೆ ಕೊಟ್ಟಿತ್ತು, ಅದು ಬರುವಾಗಲೇ 123456 ಪಾಸ್‌ವರ್ಡ್ ಹೊತ್ತು ಬರುತ್ತಿತ್ತು.

ನಮ್ಮ ಕ್ಯಾಬಿನ್ ವಿಡಿಯೋಗಳನ್ನು ನಿಮ್ಮ ಎಐಗೆ ಕಲಿಸಲು ಬಳಸುತ್ತೀರಾ ಅಂತ ಕಂಪನಿಗೆ ಎರಡು ಸಲ ಮೇಲ್ ಹಾಕಿದೆ. ಮೊದಲ ಸಲ ಪ್ರೈವೆಸಿ ಪಾಲಿಸಿಯ ಲಿಂಕ್ ಬಂತು. ಎರಡನೇ ಸಲವೂ ಅದೇ ಲಿಂಕ್. ಅದಕ್ಕೇ ಮೂರು ಸ್ಟಾರ್. ಹೌದು ಅಥವಾ ಇಲ್ಲ ಅಂತ ಬರೆದು ಕೊಟ್ಟ ದಿನ ನಾಲ್ಕು ಮಾಡುತ್ತೇನೆ.