ಇ-ಕೋರ್ಟ್ಸ್ ಆ್ಯಪ್: ಕೋರ್ಟ್ ವರದಿಗಾರನಿಗೆ ಎಷ್ಟು ಉಪಯೋಗ?

ಧಾರವಾಡದಲ್ಲಿ ಕೋರ್ಟ್ ಸುದ್ದಿ ಬರೆಯುವವರಿಗೆ ಬೆಳಿಗ್ಗೆಯ ಮೊದಲ ಪ್ರಶ್ನೆ, ಇವತ್ತು ಎಲ್ಲಿಗೆ ಹೋಗಬೇಕು ಎಂಬುದು. ಜಿಲ್ಲಾ ನ್ಯಾಯಾಲಯ ಊರೊಳಗೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆದ ಹೈಕೋರ್ಟ್ ಪೀಠ ಊರ ಹೊರಗೆ, ಹೆದ್ದಾರಿ ಬದಿಯ ಬೇಲೂರು ಗ್ರಾಮದಲ್ಲಿ. ಹುಬ್ಬಳ್ಳಿ ಕೋರ್ಟುಗಳು ಬೇರೆ. ಎಲ್ಲ ಕಡೆ ಒಬ್ಬನೇ ಓಡಾಡುವ ನನ್ನಂಥವನಿಗೆ ಪ್ರಕರಣಗಳ ವಿವರ ಮೊಬೈಲಿನಲ್ಲೇ ತೋರಿಸುವ ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ದೊಡ್ಡ ಆಸರೆ. ಪುಕ್ಕಟೆ ಸಿಗುತ್ತದೆ, ಜಿಲ್ಲಾ ಕೋರ್ಟ್, ಹೈಕೋರ್ಟ್ ಎರಡೂ ಅದರಲ್ಲೇ ಇವೆ.

ಪ್ರಕರಣದ ಗುರುತಿನ ಸಂಖ್ಯೆಯಾದ, ಅಕ್ಷರ-ಅಂಕಿ ಸೇರಿ 16 ಇರುವ ಸಿಎನ್‌ಆರ್ ಹಾಕಿ ‘ಮೈ ಕೇಸಸ್’ನಲ್ಲಿ ಉಳಿಸಿಕೊಂಡರೆ ಮುಂದಿನ ತಾರೀಖು ಯಾವುದು, ಅಂದು ಸಾಕ್ಷಿಯೋ ವಾದವೋ ತೀರ್ಪೋ ಎಂಬುದು ತಿಳಿಯುತ್ತದೆ. ನನಗೆ ಇದಕ್ಕಿಂತ ಬೆಲೆಯುಳ್ಳದ್ದು ಆದೇಶದ ಪಿಡಿಎಫ್. ಹೆಸರು, ಕಲಂ, ಶಿಕ್ಷೆಯ ಅವಧಿಯನ್ನು ಯಾರದೋ ಬಾಯಿಂದ ಕೇಳಿ ಬರೆಯುವ ಬದಲು ನ್ಯಾಯಾಧೀಶರ ಮಾತನ್ನೇ ಓದಿ ಬರೆಯಬಹುದು. 2024ರ ಜುಲೈ 1ರಿಂದ ನಡೆದ ಅಪರಾಧಗಳಿಗೆ ಭಾರತೀಯ ನ್ಯಾಯ ಸಂಹಿತೆ, ಹಿಂದಿನವಕ್ಕೆ ಐಪಿಸಿ. ಕೊಲೆಗೆ ಸಂಹಿತೆಯಲ್ಲಿ ಕಲಂ 103, ಐಪಿಸಿಯಲ್ಲಿ 302. ಒಂದೇ ದಿನ ಎರಡೂ ಬಗೆಯ ಪ್ರಕರಣ ಬರೆಯುವಾಗ ಪಿಡಿಎಫ್ ತೆರೆದಿಟ್ಟುಕೊಳ್ಳುವುದೇ ಕ್ಷೇಮ.

ಆ್ಯಪ್‌ನಲ್ಲಿ ‘ಡಿಸ್ಪೋಸ್ಡ್’ (ಇತ್ಯರ್ಥ) ಎಂದು ಕಂಡೊಡನೆ ಖುಲಾಸೆ ಎಂದು ಬರೆಯಬೇಡಿ. ಶಿಕ್ಷೆಯಾದದ್ದೂ ರಾಜಿಯಾದದ್ದೂ ಹಾಗೆಯೇ ಕಾಣುತ್ತವೆ.

ಆ್ಯಪ್ ಕೊಡದೆ ಇರುವುದು ಪಾಟೀಸವಾಲು. ಪೊಲೀಸರಿಗೆ ಒಂದು ಹೇಳಿದ ಸಾಕ್ಷಿ ಕಟಕಟೆಯಲ್ಲಿ ಇನ್ನೊಂದು ಹೇಳುವಾಗ ವಕೀಲರು ಯಾವ ಪ್ರಶ್ನೆ ಕೇಳಿದರು, ಸಾಕ್ಷಿ ಎಲ್ಲಿ ತಡವರಿಸಿದ ಎಂಬುದು ಹಾಲ್‌ನಲ್ಲಿ ಕೂತವರಿಗಷ್ಟೇ ಗೊತ್ತು. ಕಲಘಟಗಿ, ನವಲಗುಂದದಿಂದ ಬಸ್ ಹಿಡಿದು ಬಂದವರು “ಮತ್ತ ತಾರೀಖ ಕೊಟ್ಟಾರೇನ್ರೀ ಸಾಹೇಬ್ರ?” ಎಂದು ವಕೀಲರನ್ನು ಕೇಳುತ್ತಾರೆ, ಪರದೆಯ ಮೇಲೆ ಅದೊಂದು ದಿನಾಂಕ ಮಾತ್ರ. ಈ ಕೆಲಸಕ್ಕೆ ಹೊಸದಾಗಿ ಬಂದ ಹುಡುಗರು ಆಫೀಸಿನಲ್ಲೇ ಕೂತು ಆ್ಯಪ್ ನೋಡಿ ಸುದ್ದಿ ಮಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಇನ್ನೊಂದು ಎಚ್ಚರ. ಕೈಗೆ ಸಿಕ್ಕ ಆದೇಶವನ್ನು ಹಾಗೇ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಬೇಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಮಗುವಿನ ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಮನೆಯವರ ವಿವರ, ಗುರುತು ಸಿಗುವ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡುವಂತಿಲ್ಲ. ಮಾಡಿದರೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಅಥವಾ ಎರಡೂ. ಸಣ್ಣ ಊರಿನಲ್ಲಿ ಅಪ್ಪನ ಹೆಸರು ಬರೆದರೂ ಸಾಕು, ಮಗು ಯಾರೆಂದು ಊರಿಗೆಲ್ಲ ಗೊತ್ತಾಗುತ್ತದೆ.